ಓಡುವವಳ ಹಿಂದೆ ಒಂದು ಸ್ಕೂಟರ್

ಕೂರುವುದು ನನ್ನ ಕಸುಬು. ಹೊನ್ನಾಳಿಯಲ್ಲಿ ನಮ್ಮದೊಂದು ಬಟ್ಟೆ ಅಂಗಡಿ. ಬೆಳಿಗ್ಗೆ ಗಾದಿಯ ಮೇಲೆ ಕೂತರೆ ಊಟಕ್ಕೆ, ಸೀರೆ ತೆಗೆದು ತೋರಿಸುವುದಕ್ಕೆ ಅಷ್ಟೇ ಏಳುತ್ತೇನೆ. ಸೀರೆಗಳು ತಾವಾಗಿಯೇ ಕಪಾಟಿನಿಂದ ಇಳಿದು ಬರುವಂತಿದ್ದರೆ ಅಷ್ಟೂ ಏಳುತ್ತಿರಲಿಲ್ಲ. ಇಂಥ ನನಗೆ ಡಾಕ್ಟರು, "ಶುಗರ್ ಜಾಸ್ತಿ ಐತೆ, ದಿನಾ ವಾಕಿಂಗ್ ಮಾಡ್ರಿ" ಎಂದರು. ಒಬ್ಬನೇ ಹೋಗಲು ಬೇಜಾರೆಂದು ಹೆಂಡತಿ ಗಿರಿಜಾಳನ್ನೂ ಹೊರಡಿಸಿದೆ. ನಾನು ವಾರಕ್ಕೆಲ್ಲ ನಿಲ್ಲಿಸಿದೆ, ಅವಳು ನಿಲ್ಲಿಸಲಿಲ್ಲ. ನಡಿಗೆ ಬೀಸುನಡಿಗೆಯಾಯಿತು, ಬೀಸುನಡಿಗೆ ಓಟವಾಯಿತು. ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುವ, ನಲವತ್ತು ದಾಟಿದ ನನ್ನ ಹೆಂಡತಿ ಒಂದು ದಿನ ರೊಟ್ಟಿ ಬಡಿಯುತ್ತಾ, "ರೀ, ಅಲ್ಟ್ರಾ ಮ್ಯಾರಥಾನಿಗೆ ಹೆಸರು ಕೊಟ್ಟೀನಿ, ಐವತ್ತು ಕಿಲೋಮೀಟರು" ಎಂದಳು. ಮ್ಯಾರಥಾನಿಗಿಂತ ಉದ್ದದ ಓಟಕ್ಕೆ ಹಾಗನ್ನುತ್ತಾರಂತೆ. ಮ್ಯಾರಥಾನೇ ಸಾಲದು ಎಂದು ಯಾವ ಪುಣ್ಯಾತ್ಮನಿಗೆ ಅನಿಸಿತೋ, ಸಿಕ್ಕರೆ ಕೇಳಬೇಕೆಂದಿದ್ದೇನೆ.

ಅಲ್ಲಿಗೆ ನನ್ನ ಭಾನುವಾರಗಳು ಮುಗಿದವು. ಅವಳು ಹೊನ್ನಾಳಿಯಿಂದ ನ್ಯಾಮತಿ ದಾಟಿ ಸೂರಗೊಂಡನಕೊಪ್ಪದ ಕಡೆ ಓಡುವುದು, ನಾನು ನೀರು, ಬಾಳೆಹಣ್ಣು, ಉಪ್ಪು ಸವರಿದ ಆಲೂಗಡ್ಡೆ, ಕಡಲೆಕಾಯಿ ಚಿಕ್ಕಿ ಹೊತ್ತ ಸ್ಕೂಟರಿನಲ್ಲಿ ಹಿಂದೆ ಹೋಗುವುದು. ಓಡುವವರ ವೇಗಕ್ಕೆ ಸ್ಕೂಟರ್ ಓಡಿಸುವುದು ಎಷ್ಟು ಕಷ್ಟವೆಂದು ಓಡುವವರಿಗೆ ಗೊತ್ತಾಗುವುದಿಲ್ಲ. ಗಾಡಿ ವಾಲುತ್ತದೆ, ಸೊಂಟ ಹಿಡಿಯುತ್ತದೆ, ಬೇಸರಕ್ಕೆ ಒಂದು ಚಿಕ್ಕಿ ಬಾಯಿಗೆ ಬೀಳುತ್ತದೆ. ಶುಗರಿನವನು ಚಿಕ್ಕಿ ತಿನ್ನಬಾರದು ನಿಜ. ಆದರೆ ಆಲೂಗಡ್ಡೆ ಅಷ್ಟರಲ್ಲಿ ಖಾಲಿಯಾಗಿರುತ್ತಿತ್ತು.

ಒಂದು ಭಾನುವಾರ ನ್ಯಾಮತಿಯ ಆಚೆ ಜೋಳದ ಹೊಲದಿಂದ ಒಬ್ಬ ಅಜ್ಜಿ ಎದ್ದು ಬಂದು ಸ್ಕೂಟರಿಗೆ ಅಡ್ಡ ನಿಂತಳು. ಕೈಯಲ್ಲಿ ಕುಡುಗೋಲು. ಹಿಂದೆಯೇ ಇನ್ನೂ ಮೂರು ನಾಲ್ಕು ಹೆಂಗಸರು.

"ನಿಲ್ಸಪ್ಪಾ ಗಾಡಿ. ಅಲ್ಲಿ ಓಡಿ ಹೊಂಟಾಳಲ್ಲ, ಆಕಿ ನಿನ್ನ ಹೆಂಡ್ತಿ ಏನು?"

ಹೌದೆಂದೆ.

"ಏನು ಮಾಡಿದಿ ಆಕಿಗೆ?"

"ಏನೂ ಮಾಡಿಲ್ಲ ಅಜ್ಜಿ, ಪ್ರಾಕ್ಟೀಸ್ ಮಾಡ್ತಾ ಇದಾಳೆ."

"ಓಡಾಕೆ ಪ್ರಾಕ್ಟೀಸಾ?" ಅಜ್ಜಿ ಉಳಿದವರತ್ತ ತಿರುಗಿದಳು. "ಕೇಳ್ರೇ ಇವನ ಮಾತು! ಬಿಸಿಲಾಗೆ ಹೆಂಡ್ತಿನ ಓಡಿಸ್ಕೆಂಡು ತಾನು ಗಾಡಿ ಮ್ಯಾಲೆ ಚಿಕ್ಕಿ ತಿಂತಾ ಕುಂತಾನೆ. ತಪ್ಪಾತು ಅಂತ ಕೈ ಮುಗುದು ಕರಕೊಂಡು ಹೋಗಾಕೆ ಏನಾಗೈತೆ ನಿಂಗೆ?"

ಬಾಯಲ್ಲಿ ಚಿಕ್ಕಿ ಇಟ್ಟುಕೊಂಡು ನಿರಪರಾಧಿ ಎಂದು ಸಾಬೀತುಮಾಡುವುದು ಸುಲಭವಲ್ಲ. ಕೊನೆಗೆ, ಇನ್ನು ಮುಂದೆ ಅವಳ ಮೇಲೆ ಕೈ ಎತ್ತುವುದಿಲ್ಲ ಎಂದು ಮಾತು ಕೊಟ್ಟೇ ಬಿಡಿಸಿಕೊಂಡೆ. ಮದುವೆಯಾದಾಗಿನಿಂದ ದನಿಯನ್ನೂ ಎತ್ತದ ಗಂಡ ನಾನು. ಎತ್ತಲು ಅವಳು ಬಿಡಬೇಕಲ್ಲ.

ಆದರೆ ನೀರೆಲ್ಲ ನನ್ನ ಹತ್ತಿರವೇ ಇತ್ತು. ನಾನು ಹೋಗುವ ಹೊತ್ತಿಗೆ ಗಿರಿಜಾ ರಸ್ತೆ ಬದಿಯ ಬೇವಿನ ಮರದ ಕೆಳಗೆ ಕಾಲು ಚಾಚಿ ಕೂತಿದ್ದಳು. ಮೀನಖಂಡ ಹಿಡಿದುಕೊಂಡಿತ್ತು, ತುಟಿ ಒಣಗಿತ್ತು. ಬೈಯುತ್ತಾಳೆಂದುಕೊಂಡೆ. ಬೈದಿದ್ದರೆ ಚೆನ್ನಾಗಿತ್ತು. ನೀರು ಕುಡಿದು, ಬಾಟಲಿಯ ಮುಚ್ಚಳ ತಿರುಗಿಸುತ್ತಾ, "ಸಾಕು ಬಿಡ್ರಿ. ಸ್ಟಾಫ್ ರೂಮಿನಾಗೆ ನಗ್ತಾರೆ, ಹುಡುಗ್ರೂ ನಗ್ತಾರೆ. ಈ ವಯಸ್ಸಿಗೆ ನಂಗ್ಯಾಕೆ ಬೇಕಿತ್ತು ಇದು? ನಾಳೆ ಹೆಸರು ತೆಗೆಸ್ತೀನಿ" ಎಂದಳು. ಕಣ್ಣು ತುಂಬಿತ್ತು.

ನಾನು ತಿಂಗಳುಗಟ್ಟಲೆ ಕಾದಿದ್ದ ಮಾತು ಅದು. ಭಾನುವಾರದ ನಿದ್ದೆ, ಬಿಸಿ ದೋಸೆ ಎಲ್ಲ ಒಮ್ಮೆಗೇ ಕಣ್ಣ ಮುಂದೆ ಬಂದವು. ಆದರೂ ಯಾಕೋ ಸಂತೋಷವಾಗಲಿಲ್ಲ. ಬೆಳಗಿನ ಜಾವ ಅವಳು ಬೂಟಿನ ಲೇಸು ಕಟ್ಟುವಾಗ ಸಣ್ಣಗೆ ಗುನುಗುತ್ತಿದ್ದದ್ದು ನೆನಪಾಯಿತು. ಓಟ ಶುರುವಾಗುವ ಮೊದಲು ಆ ಗುನುಗು ನಮ್ಮ ಮನೆಯಲ್ಲಿ ಎಷ್ಟೋ ವರ್ಷ ಕೇಳಿರಲಿಲ್ಲ. ಅವಳ ಕಾಲನ್ನು ತೊಡೆಯ ಮೇಲಿಟ್ಟುಕೊಂಡು ನೀವಿದೆ. ದಾರಿಯಲ್ಲಿ ಹೋಗುತ್ತಿದ್ದ ಬಸ್ಸಿನವರೆಲ್ಲ ಕಿಟಕಿಯಿಂದ ನೋಡಿದರು. ನೋಡಲಿ.

"ಆ ಮೈಲಿಗಲ್ಲಿನ ತನಕ ನಾನೂ ಬರ್ತೀನಿ, ಆಮೇಲೆ ಯೋಚನೆ ಮಾಡೋಣ" ಎಂದೆ.

"ನೀವಾ? ಚಪ್ಪಲಿ ಹಾಕ್ಕೊಂಡಾ?"

ಸ್ಕೂಟರಿಗೆ ಬೀಗ ಹಾಕಿ ಚಪ್ಪಲಿಯಲ್ಲೇ ಹೊರಟೆ. ನನ್ನ ಓಟ ನೋಡಿ ಅವಳು ಮೊದಲು ಗಾಬರಿಯಾದಳು, ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕಳು. ಮೈಲಿಗಲ್ಲಿನ ಮೇಲೆ ನಾನು ಕುಸಿದು ಕೂತಾಗ, "ಇಲ್ಲೇ ಇರ್ರಿ, ತಿರುಗಿ ಬರ್ತೀನಿ" ಎಂದು ಒಬ್ಬಳೇ ಮುಂದೆ ಓಡಿದಳು. ಹೆಸರು ತೆಗೆಸುವ ಮಾತು ಮತ್ತೆ ಬರಲಿಲ್ಲ.

ಓಟದ ದಿನ ಬಹುಮಾನ ವಿತರಣೆ ಮುಗಿದು, ಶಾಮಿಯಾನದ ಒಂದು ಬದಿ ಬಿಚ್ಚುತ್ತಿದ್ದಾಗ ಗಿರಿಜಾ ಕೊನೆಯ ತಿರುವಿನಲ್ಲಿ ಕಂಡಳು. ಕುಂಟುತ್ತಿದ್ದಳು, ಆದರೆ ನಿಂತಿರಲಿಲ್ಲ. ನನಗೆ ಏನಾಯಿತೋ, ಕೂಗುತ್ತಾ ಎದುರಿಗೆ ಓಡಿ, ಅವಳ ಜೊತೆಯಲ್ಲೇ ತಿರುಗಿ ಗೆರೆಯ ತನಕ ಓಡಿದೆ. ಗೆರೆ ದಾಟಿದ್ದೇ ತಡ, ಎರಡೂ ಕಾಲು ಮರಗಟ್ಟಿ ಬಿದ್ದವನು ನಾನು. ಸ್ಟ್ರೆಚರಿನಲ್ಲಿ ಎತ್ತಿಕೊಂಡು ಹೋಗಿ ಮಲಗಿಸಿದರು. ಗಿರಿಜಾ ಪಕ್ಕದಲ್ಲಿ ಕೂತು ತನ್ನ ಟೋಪಿಯಿಂದ ಗಾಳಿ ಹಾಕಿದಳು. ವಯಸ್ಸಿನಲ್ಲಿ ಚಿಕ್ಕವರಾದ ಡಾಕ್ಟರಮ್ಮ ಬಂದು ನನ್ನ ನಾಡಿ ಹಿಡಿದು, "ಎಷ್ಟು ಕಿಲೋಮೀಟರ್ ಓಡಿದ್ರಿ ಸರ್?" ಎಂದು ಗೌರವದಿಂದ ಕೇಳಿದರು.

ನಾನು ಬಾಯಿ ತೆರೆಯುವಷ್ಟರಲ್ಲಿ ಗಿರಿಜಾ ಹೇಳಿದಳು: "ಇಬ್ರೂ ಸೇರಿ ಐವತ್ತರ ಮೇಲೆ ಸ್ವಲ್ಪ, ಡಾಕ್ಟ್ರೇ."

ವಿಜ್ಞಾನದ ಮೇಡಂ ಹೇಳಿದ ಲೆಕ್ಕ, ತಪ್ಪಿರಲಿಲ್ಲ. "ಈ ವಯಸ್ಸಲ್ಲಿ ದೊಡ್ಡ ಸಾಧನೆ ಸರ್" ಎಂದು ಡಾಕ್ಟರಮ್ಮ ನನ್ನ ಕೈ ಕುಲುಕಿದರು. ಮಲಗಿದಲ್ಲಿಂದಲೇ, ಆದಷ್ಟು ವಿನಯದಿಂದ, ಕುಲುಕಿಸಿಕೊಂಡೆ.