ಕೊಲೆಗಾರ ಬಸ್ಸಿನ ಟಾಪಿನ ಮೇಲಿದ್ದ

ಸಿನಿಮಾ ನೋಡಿ ಬಂದವರ ಬಾಯಿಗೆ ಬೀಗ ಹಾಕುವುದು ಬ್ರಹ್ಮನಿಂದಲೂ ಆಗದ ಕೆಲಸ ಅಂತ ನಾನು ಬಹಳ ವರ್ಷ ನಂಬಿದ್ದೆ. ಎಪ್ಪತ್ತರ ದಶಕದ ಕೊನೆಯಲ್ಲಿ ನಾನೊಂದು ಪ್ರೈವೇಟ್ ಬಸ್ಸಿನ ಕಂಡಕ್ಟರ್. ಮೊದಲು ತುಮಕೂರು–ಗುಬ್ಬಿ ರೂಟು, ಆಮೇಲೆ ತುಮಕೂರು–ಕುಣಿಗಲ್. ತುಮಕೂರಲ್ಲಿ ಮ್ಯಾಟಿನಿ ಬಿಟ್ಟ ಜನವೆಲ್ಲ ಸಂಜೆ ನನ್ನ ಬಸ್ಸಿಗೇ ಹತ್ತುತ್ತಿದ್ದರು. ಸಿನಿಮಾ ಅಂದರೆ ನನಗೆ ಪ್ರಾಣ, ಆದರೆ ಬೆಳಗ್ಗೆ ನಾಲ್ಕಕ್ಕೆ ಏಳುವವನನ್ನು ಕತ್ತಲಲ್ಲಿ ಕೂರಿಸಿದರೆ ಏನಾಗುತ್ತೆ? ಪರದೆ ಮೇಲೆ ಹೆಸರು ಬರುವಷ್ಟರಲ್ಲಿ ಗೊರಕೆ. ಹಾಗಾಗಿ ನಾನು ಸಿನಿಮಾವನ್ನು ಕಿವಿಯಿಂದಲೇ ನೋಡಿದವನು. ಟಿಕೆಟ್ ಹರಿಯುತ್ತಾ "ಹೆಂಗಿತ್ತು ಪಿಚ್ಚರ್?" ಅಂದರೆ ಸಾಕು, ಒಬ್ಬೊಬ್ಬರು ಒಂದೊಂದು ಸಿನಿಮಾ ತೋರಿಸುತ್ತಿದ್ದರು.

ಚೆನ್ನಾಗಿ ಸತ್ತವಳು

ಗುಬ್ಬಿಯಲ್ಲಿ ಕಲ್ಲೆಸೆದರೆ ಒಬ್ಬ ನಾಟಕದವನಿಗೆ ಬೀಳುತ್ತಿದ್ದ ಕಾಲ ಅದು. ನನ್ನ ಬಸ್ಸಿಗೆ ಅಲ್ಲಿಯ ಒಬ್ಬ ಹಾರ್ಮೋನಿಯಂ ಮೇಷ್ಟ್ರು ಬರುತ್ತಿದ್ದರು. ಅವತ್ತು ಅವರು ನೋಡಿದ್ದು ತಾಯಿ ಸೆಂಟಿಮೆಂಟಿನ ಸಿನಿಮಾ. ಬಸ್ಸಿನಲ್ಲಿ ಎಲ್ಲರ ಕಣ್ಣೂ ಕೆಂಪಗಿತ್ತು. ಮೇಷ್ಟ್ರ ಮುಖ ಮಾತ್ರ ಗಂಟು.

"ಯಾಕೆ ಮೇಷ್ಟ್ರೇ, ಚೆನ್ನಾಗಿರ್ಲಿಲ್ವಾ?"

"ಆ ತಾಯಿ ಪಾರ್ಟಿನವಳು ಚೆನ್ನಾಗೇ ಸತ್ಲು ಕಣಯ್ಯಾ. ಎದ್ದು ನಿಂತು ಒನ್ಸ್ ಮೋರ್ ಅಂದೆ. ಒಬ್ರೂ ಕಿವೀಗ್ ಹಾಕ್ಕೊಳ್ಲಿಲ್ಲ. ನಮ್ ನಾಟಕದಲ್ಲಾಗಿದ್ರೆ ಎದ್ದು ನಮಸ್ಕಾರ ಮಾಡಿ ಇನ್ನೊಂದ್ಸಲ ಸಾಯೋರು."

ಮಾರನೇ ದಿನ ನೋಡಿದರೆ ಮತ್ತೆ ಅದೇ ಸಿನಿಮಾದಿಂದ ಬಂದು ಹತ್ತಿದರು. ಈಗ ಸಿಟ್ಟು ಇನ್ನೂ ಜಾಸ್ತಿ. ಏನಾಯಿತು ಅಂದೆ.

"ಎಡಗೈ ಸ್ವಲ್ಪ ಬೇಗ ಬಿಟ್ಟಿದ್ಲು, ಇವತ್ತಾದ್ರೂ ಸರಿ ಮಾಡ್ಕೊಂಡಿರ್ತಾಳೆ ಅಂತ ಹೋದೆ. ನಿನ್ನೆ ಹೆಂಗ್ ಸತ್ಲೋ ಇವತ್ತೂ ಹಂಗೇ ಸತ್ಲು. ಒಂದ್ ಚೂರೂ ತಿದ್ಕೊಂಡಿಲ್ಲ!"

ಲಾಸಿನಲ್ಲಿದ್ದ ವಿಲನ್

ಅಂತರಸನಹಳ್ಳಿ ಕಡೆ ವರ್ಕ್‌ಶಾಪಿನಲ್ಲಿ ಕೆಲಸ ಮಾಡುವ ಹೆಬ್ಬೂರಿನ ಫಿಟ್ಟರ್ ಒಬ್ಬ, ಫೈಟಿಂಗ್ ಸಿನಿಮಾ ಒಂದನ್ನೂ ಬಿಡದವನು, ಒಂದು ಸಂಜೆ ಪೆಚ್ಚಾಗಿ ಕೂತಿದ್ದ. ಹೀರೋ ಸೋತನಾ ಅಂದೆ.

"ಹೀರೋ ಸೋಲ್ತಾನಾ? ಬುಡಣ್ಣ. ವಿಲನ್ ಫ್ಯಾಕ್ಟರಿಲಿ ಫೈಟು. ಇಪ್ಪತ್ ಡ್ರಮ್ಮು ಉರುಳೋದ್ವು, ಒಂದ್ರಾಗೂ ಒಂದ್ ತೊಟ್ಟು ಆಯಿಲ್ ಇಲ್ಲ. ಒಂದ್ ಮಿಷಿನ್ನೂ ಓಡ್ತಿಲ್ಲ. ಕೆಲ್ಸದೋರೆಲ್ಲ ಹೊಡೆದಾಡಾಕೇ ನಿಂತವ್ರೆ."

"ಅದಕ್ಕೇನೀಗ?"

"ಆ ವಿಲನ್ ಮೊದ್ಲೇ ದಿವಾಳಿ ಕಣಣ್ಣಾ! ಅಂಥೋನಿಗೆ ಹೊಡೆಯಾಕೆ ಆ ಹೀರೋಗೆ ಮನಸಾದ್ರೂ ಹೆಂಗ್ ಬಂತು?"

ಬಿಳೀ ಸೀರೆಯ ದೆವ್ವ

ದೆವ್ವದ ಸಿನಿಮಾ ಬಂದಾಗ ಕೊತ್ತಗೆರೆಯ ಒಬ್ಬ ಅಜ್ಜಿ ಸೊಸೆಯನ್ನು ಕರೆದುಕೊಂಡು ತುಮಕೂರಿಗೆ ಬಂದಿತ್ತು. ವಾಪಸು ಬರುವಾಗ ಗಂಡಸರೇ ಕಿಟಕಿ ಪಕ್ಕ ಕೂರಲು ಹಿಂದೆಮುಂದೆ ನೋಡುತ್ತಿದ್ದರು. ಅಜ್ಜಿ ಮಾತ್ರ ನೆಮ್ಮದಿಯಾಗಿ ಎಲೆಗೆ ಸುಣ್ಣ ಹಚ್ಚುತ್ತಾ ಕೂತಿತ್ತು.

"ಹೆದರಿಕೆ ಆಗ್ಲಿಲ್ವೇನಜ್ಜಿ?"

"ಹೆದರಿಕೆ ಯಾಕಪ್ಪಾ? ಹಾಳ್ ಬಂಗ್ಲೆ, ಮೊಣಕಾಲುದ್ದ ಧೂಳು. ಅದ್ರಾಗೆ ಅವ್ಳು ಓಡಾಡ್ತಾಳೆ, ಸೀರೆ ಹಾಲಿನಂಗೈತೆ. ಹನ್ನೆರಡ್ ವರ್ಸದಿಂದ ದೀಪ ಉರೀತೈತೆ, ದಿನಾ ಎಣ್ಣೆ ಹಾಕೋರ್ಯಾರು? ಅವ್ಳೇ ತಾನೆ? ನಡುರಾತ್ರಿ ಎದ್ದು ಹಾಡ್ ಹೇಳ್ತಾ ಕೆಲ್ಸ ಮಾಡ್ತಾಳೆ." ಎಲೆ ಮಡಚಿ ಬಾಯಿಗಿಟ್ಟುಕೊಂಡು ಸೊಸೆ ಕಡೆ ಒಂದು ನೋಟ ಬಿಟ್ಟಿತು. "ಒಂದೊಂದ್ ಮನೆಗೆ ಅಂಥದ್ದೊಂದು ಇರ್ಬೇಕು ಕಣಪ್ಪಾ."

ಸೊಸೆ ಕಿಟಕಿ ಕಡೆ ಮುಖ ತಿರುಗಿಸಿಕೊಂಡೇ ಅಂದಳು: "ನಮ್ಮನ್ಯಾಗ್ ಒಂದೈತಲ್ಲ, ಸಾಕು ಬುಡಿ."

ಬಾಯಿ ಬಿಡದ ಆರು ವಾರ

ಇಷ್ಟೆಲ್ಲ ಮಾತಾಡುವ ಜನ ಒಂದೇ ಒಂದು ಸಿನಿಮಾಕ್ಕೆ ಮೂಗರಾದರು. ಅದೊಂದು ಕೊಲೆ ಸಿನಿಮಾ, ತುಮಕೂರಲ್ಲಿ ಆರು ವಾರ ಓಡಿತು. ಹೀರೋಯಿನ್ ಬಸ್ಸಲ್ಲಿ ಒಂದು ಬಂಗಲೆಗೆ ಬರುತ್ತಾಳೆ, ಅಲ್ಲಿ ಸಾಲಾಗಿ ಕೊಲೆ, ಡಾಕ್ಟರ್ ಮೇಲೆ ಅನುಮಾನ, ತೋಟದವನ ಮೇಲೆ ಅನುಮಾನ, ಸೋದರಮಾವನ ಮೇಲೂ ಅನುಮಾನ. ಇಷ್ಟನ್ನು ಎಲ್ಲರೂ ಹೇಳುತ್ತಿದ್ದರು. ಕೊಲೆ ಮಾಡಿದ್ದು ಯಾರು ಅಂದರೆ ಮಾತ್ರ ಬಾಯಿಗೆ ಬೆರಳು. ಯಾಕೆಂದರೆ ಸಿನಿಮಾದ ಕೊನೆಯಲ್ಲಿ ಪರದೆ ಮೇಲೆ ಬರೆದಿದ್ದರಂತೆ: ಕೊಲೆಗಾರ ಯಾರೆಂದು ದಯವಿಟ್ಟು ಯಾರಿಗೂ ಹೇಳಬೇಡಿ. ನಮ್ಮ ಜನ ಅದನ್ನು ಆಣೆ ಅಂತಲೇ ತಿಳಿದರು. ಸ್ವಂತ ಮನೆಯ ಗುಟ್ಟನ್ನು ಬಸ್ಸಿನಲ್ಲಿ ಕೂಗಿ ಹೇಳುವವರು, ಯಾರೋ ಕಾಣದ ನಿರ್ಮಾಪಕನಿಗೆ ಕೊಟ್ಟ ಮಾತಿಗೆ ತಪ್ಪಲಿಲ್ಲ!

ನನಗೆ ಊಟ ಸೇರದಾಯಿತು. ಡ್ರೈವರ್ ಹಿಂದಿನ ಒಳ್ಳೇ ಸೀಟು ಕೊಟ್ಟು ನೋಡಿದೆ, ಟೀ ಕುಡಿಸಿ ನೋಡಿದೆ. ಏನೂ ಗಿಟ್ಟಲಿಲ್ಲ.

ಏಳನೇ ವಾರ ಆ ಸಿನಿಮಾ ಕುಣಿಗಲ್ಲಿನ ಟೆಂಟ್ ಟಾಕೀಸಿಗೆ ಬಂತು, ಎರಡೇ ದಿನಕ್ಕೆ. ರೀಲು ತುಂಬಿದ ಆರು ತಗಡಿನ ಡಬ್ಬಗಳನ್ನು ಕುಣಿಗಲ್ಲಿಗೆ ಮುಟ್ಟಿಸುವ ಕೆಲಸ ನಮ್ಮ ಬಸ್ಸಿಗೇ. ಅವತ್ತು ಸಂಜೆ ಕೊಲೆಗಾರ ನನ್ನ ತಲೆ ಮೇಲೆ, ಬಸ್ಸಿನ ಟಾಪಿನಲ್ಲೇ ಕೂತಿದ್ದ. ಆದರೂ ಅವನು ಯಾರಂತ ನನಗೆ ಗೊತ್ತಿಲ್ಲ!

ಹೆಬ್ಬೂರಿನಲ್ಲಿ ಒಂದು ಮದುವೆ ಮನೆಯವರು ಟ್ರಂಕುಗಳನ್ನು ಇಳಿಸಿಕೊಳ್ಳುತ್ತಿದ್ದರು. ಅದೇ ಹೊತ್ತಿಗೆ, ಇಳಿಯುತ್ತಿದ್ದ ದನದಾಸ್ಪತ್ರೆಯ ಕಾಂಪೌಂಡರ್ ನನ್ನ ಮುಖ ನೋಡಿ ಕರಗಿದರು. "ಪಾಪ, ಎಷ್ಟ್ ದಿನದಿಂದ ಕೇಳ್ತಿದೀಯ. ಬಗ್ಗು, ಕಿವೀಲ್ ಹೇಳ್ತೀನಿ."

ನಾನು ಬಗ್ಗಿದೆ. ಮೇಲಿಂದ ಹಮಾಲಿ ಕೂಗಿದ: "ಕಂಡಕ್ಟ್ರಣ್ಣಾ, ಈ ತಗಡಿನ ಡಬ್ಬಾನೂ ಇವ್ರದೇನಾ?"

"ಹೂಂ, ಹೂಂ, ಇಳಿಸು," ಅಂದೆ. ನನ್ನ ಪ್ರಾಣವೆಲ್ಲ ಕಿವಿಯಲ್ಲಿತ್ತು.

ಕಾಂಪೌಂಡರ್ ಬಾಯಿ ತೆರೆದರು, ಯೋಚಿಸಿದರು, ಮುಚ್ಚಿದರು. "ಬ್ಯಾಡ ಕಣಪ್ಪಾ. ಮಾತು ಅಂದ್ರೆ ಮಾತು," ಅಂತ ಇಳಿದು ಹೋದರು.

ಕೊನೆಯ ರೀಲು

ಡಬ್ಬ ಕಮ್ಮಿ ಇರುವುದು ಟೆಂಟಿನವರಿಗೆ ಗೊತ್ತಾದದ್ದು ಇಂಟರ್‌ವಲ್ ಆದಮೇಲೆ. ಹೋಗಿದ್ದೂ ಕಡೇ ಡಬ್ಬವೇ. ಹೋಟೆಲಿನಲ್ಲಿ ಮುದ್ದೆ ಮುರಿಯುತ್ತಿದ್ದ ನನ್ನನ್ನು ಹಂಗೇ ಎಬ್ಬಿಸಿಕೊಂಡು ಹೋದರು. ಟೆಂಟಿನ ಯಜಮಾನರು ನಮ್ಮ ಬಸ್ ಸಾಹುಕಾರರ ಷಡ್ಡಕ.

"ಕಳೆದೋನು ನೀನು, ಮುಗಿಸೋನೂ ನೀನೇ. ದಿನಾ ಬಸ್ಸಲ್ಲಿ ಇದೇ ಕಥೆ ಕೇಳ್ತೀಯಂತಲ್ಲ, ಹೋಗಿ ಹೇಳು. ಜನ ಕುರ್ಚಿ ಮುರಿದ್ರೆ ನಾಳೆ ನಿನ್ ಬ್ಯಾಗು ಇನ್ನೊಬ್ಬನ ಹೆಗಲಲ್ಲಿರುತ್ತೆ."

ನನಗೆ ಮದುವೆಯಾಗಿ ಆಗ ಮೂರು ತಿಂಗಳು. ರೀಲು ನಿಂತಿತು, ಪರದೆ ಬೆಳ್ಳಗಾಯಿತು, ಅದರ ಮುಂದೆ ನಾನು, ಹೆಗಲಲ್ಲಿ ಬ್ಯಾಗು, ಕೊರಳಲ್ಲಿ ವಿಷಲ್ಲು. ನೆಲದಲ್ಲಿ ಕೂತವರು ಕೂಗಿದರು: "ಯಾರ್ಲಾ ಕೊಲೆಗಾರ?"

ಡಾಕ್ಟರ್ ಅನ್ನಲೇ? ತೋಟದವನೇ? ಸೋದರಮಾವನೇ? ತಪ್ಪಾದರೆ ತುಮಕೂರಲ್ಲಿ ನೋಡಿ ಬಂದವನು ಒಬ್ಬನಾದರೂ ಎದ್ದು ನಿಲ್ಲುತ್ತಾನೆ. ನನಗೆ ಸರಿಯಾಗಿ ಗೊತ್ತಿದ್ದ ಮನುಷ್ಯ ಒಬ್ಬನೇ. "ಕಂಡಕ್ಟರ್," ಅಂದುಬಿಟ್ಟೆ.

ಒಬ್ಬ ಎದ್ದ. "ಪಿಚ್ಚರಲ್ಲಿ ಕಂಡಕ್ಟರೇ ಇಲ್ವಲ್ಲೋ?"

"ಹೀರೋಯಿನ್ ಬಸ್ಸಲ್ಲಿ ತಾನೆ ಬಂದಿದ್ದು? ಟಿಕೆಟ್ ಕೊಟ್ಟೋರು ಯಾರು? ನೀವು ನೋಡಿರಾಕಿಲ್ಲ. ಕಂಡಕ್ಟರ್ ಮುಖ ಯಾರ್ ನೋಡ್ತೀರಿ? ಚಿಲ್ರೆ ಈಸ್ಕೊಂಡು ಇಳಿದೋಯ್ತೀರಿ!"

"ಹೌದಲ್ವಾ," ಅಂತ ಹಿಂದಿನಿಂದ ಒಂದು ದನಿ ಬಂತು. "ಟಿಕೆಟ್ ಕೊಡೋ ಒಂದ್ ಕೈ ತೋರ್ಸಿದ್ರು ಕಣ್ರಲಾ!"

ಅಲ್ಲಿಂದ ನನ್ನನ್ನು ಹಿಡಿಯುವವರಿಲ್ಲ. ಕಂಡಕ್ಟರ್ ಬಂಗಲೆಗೆ ನುಗ್ಗಿದ. ದೀಪಕ್ಕೆ ಎಣ್ಣೆ ಹಾಕುತ್ತಿದ್ದವನೂ ಅವನೇ. ಡ್ರಮ್ಮು ಉರುಳಿಸಿದೆ, ಈ ಸಲ ತುಂಬ ಆಯಿಲ್ ಇಟ್ಟಿದ್ದೆ, ಜಾರಿ ಬಿದ್ದ. ಪೊಲೀಸರ ಗುಂಡು ಎದೆಗೆ ಹೊಕ್ಕು, ವಿಷಲ್ಲು ಊದುತ್ತಾ ಊದುತ್ತಾ ಸತ್ತ. "ಒನ್ಸ್ ಮೋರ್!" ಅಂತ ಟೆಂಟೇ ಕೂಗಿತು. ನಾನು ಎದ್ದು ನಮಸ್ಕಾರ ಮಾಡಿ ಮತ್ತೆ ಸತ್ತೆ. ಎಡಗೈ ನಿಧಾನವಾಗಿ ಬಿಟ್ಟೆ. ಒಂದು ಕುರ್ಚಿಯೂ ಮುರಿಯಲಿಲ್ಲ.

ಮಾರನೇ ಮಧ್ಯಾಹ್ನ ಮದುವೆ ಮನೆಯವರು ಡಬ್ಬ ಕಳಿಸಿಕೊಟ್ಟರು. ನಿನ್ನೆ ಬಂದವರು ಕೊನೇ ಭಾಗ ಪುಕ್ಕಟೆ ನೋಡಬಹುದು ಅಂತ ಯಜಮಾನರು ತಮಟೆ ಹೊಡೆಸಿದರು. ನಾನೂ ನಿದ್ದೆ ತಡೆಯಲು ಜೇಬಲ್ಲಿ ಹಸಿಮೆಣಸಿನಕಾಯಿ ಇಟ್ಟುಕೊಂಡಿದ್ದೆ. ಹಾಳಾದ ಬಸ್ಸು ದಾರಿಯಲ್ಲಿ ಪಂಕ್ಚರ್. ಕುಣಿಗಲ್ ಮುಟ್ಟುವಾಗ ಜನ ಟೆಂಟಿನಿಂದ ಮನೆಗೆ ಹೋಗುತ್ತಿದ್ದರು, ಡಬ್ಬಗಳು ಬೇರೆ ಊರಿನ ಲಾರಿ ಹತ್ತುತ್ತಿದ್ದವು.

ಬೆಳಗ್ಗೆ ಮೊದಲ ಟ್ರಿಪ್ಪಿಗೆ ಹತ್ತಿದ ರೈತರೊಬ್ಬರು ನನ್ನನ್ನು ಕಂಡದ್ದೇ ಕೈ ಹಿಡಿದುಕೊಂಡರು. ಎರಡೂ ದಿನ ಟೆಂಟಿಗೆ ಹೋಗಿದ್ದರಂತೆ.

"ನಿನ್ನೆ ತೋರ್ಸಿದ್ದು ಬರೀ ಸುಳ್ಳು ಕಣಪ್ಪಾ. ಪಾಪ, ಯಾವನೋ ಅಮಾಯಕನ್ನ ಹಿಡ್ಕೊಂಡೋದ್ರು. ಕಂಡಕ್ಟರ್‌ನ ಕೇಳೋರೇ ಇಲ್ಲ! ಎಲ್ಲಾರ್ಗೂ ಹೊಟ್ಟೆ ಉರ್ದೋಯ್ತು."

ಟಿಕೆಟ್ ಹರಿಯುತ್ತಿದ್ದ ಕೈ ನಿಂತಿತು. "ಯಜಮಾನ್ರೇ, ಹಿಡ್ಕೊಂಡೋಗಿದ್ದು ಯಾರನ್ನ?"

ಅವರು ಅತ್ತಿತ್ತ ನೋಡಿದರು. ಕೈ ಬಿಟ್ಟರು. ಬಾಯಿಗೆ ಬೆರಳಿಟ್ಟುಕೊಂಡರು.

"ಹೇಳಬ್ಯಾಡ್ರಿ ಅಂತ ಕೊನೇಲಿ ಬರ್ದಿದ್ರಲ್ಲಪ್ಪಾ."