ಛತ್ರದ ಬೆಳಕಿಗೊಪ್ಪುವ ರವಿಕೆ

ಮಗನಿಗೆ ಹೆಣ್ಣು ಹುಡುಕುವಾಗ ನಾನು ನಿದ್ದೆಗೆಟ್ಟವಳಲ್ಲ. ಜಾತಕ ಕೂಡಿತು, ಹುಡುಗಿ ನಗುನಗುತ್ತಾ ಮಾತಾಡಿದಳು, ಒಪ್ಪಿಬಿಟ್ಟೆ. ನನ್ನ ನೆಮ್ಮದಿ ಕೆಡಿಸಿದ್ದು ಒಂದು ಮೀಟರ್ ಬಟ್ಟೆ. ಅತ್ತೆಯವರು ಕೊಟ್ಟಿದ್ದ ನೇರಳೆ ರೇಷ್ಮೆ ಸೀರೆಯನ್ನೇ ಧಾರೆಗೆ ಉಡಬೇಕೆಂದು ನನ್ನ ಆಸೆ. ಸೀರೆ ಗಟ್ಟಿಯಾಗಿಯೇ ಇತ್ತು, ಅದರ ರವಿಕೆ ಮಾತ್ರ ನನ್ನ ತೋಳು ಕಂಡರೆ ಹೆದರುತ್ತಿತ್ತು. ಹೊಸದು ಹೊಲಿಸಬೇಕು, ಬಣ್ಣ ಹೊಂದಬೇಕು. ಗಂಡಿನ ತಾಯಿಯ ಮೇಲೆ ಛತ್ರದ ಕಣ್ಣೆಲ್ಲ ಇರುತ್ತದೆ. ಅದರಲ್ಲೂ ನನ್ನ ಓರಗಿತ್ತಿ ಸರೋಜಳ ಕಣ್ಣು! ಹಿಂದೊಂದು ಮದುವೆಯಲ್ಲಿ ಎಲ್ಲರೆದುರು, "ಅಕ್ಕಾ, ರವಿಕೆ ಯಾರದ್ದಾದ್ರೂ ಇಸ್ಕೊಂಡ್ ಬಂದ್ರಾ?" ಅಂದಿದ್ದಳು. ಆ ಉರಿ ಇನ್ನೂ ಆರಿರಲಿಲ್ಲ.

ಮ್ಯಾಚಿಂಗ್ ಸೆಂಟರಿನ ಟ್ಯೂಬ್‌ಲೈಟಿನ ಕೆಳಗೆ ಸೆರಗು ಹರಡಿ ಹೊಂದಿಸಿದ ಬಟ್ಟೆ, ಶ್ರೀರಾಂಪುರದ ನಮ್ಮ ಮನೆಯ ಹಳದಿ ಬಲ್ಬಿನ ಕೆಳಗೆ ಬೇರೆಯೇ ಆಗಿಬಿಟ್ಟಿತು. ಸೀರೆ ಕಂದು, ಬಟ್ಟೆ ನೀಲಿ. ಅಂಗಡಿಗೆ ಓಡಿದೆ, ಬದಲಾಯಿಸಿ ತಂದೆ. ಬಲ್ಬಿನ ಕೆಳಗೆ ಹಿಡಿದು ನೋಡಿ ಸಮಾಧಾನದಿಂದ ಮಲಗಿದೆ. ಮಾರನೇ ಸಂಜೆ ನೋಡುತ್ತೇನೆ, ಬಣ್ಣ ಮತ್ತೆ ಕೆಟ್ಟಿದೆ! ನಮ್ಮ ಯಜಮಾನರು ಬಲ್ಬುಗಳನ್ನೆಲ್ಲ ಕಿತ್ತು ಸಿಎಫ್‌ಎಲ್ ಹಾಕಿದ್ದರು. ಹೆಬ್ಬಾಳದ ಕಾರ್ಖಾನೆಯೊಂದರಲ್ಲಿ ದೀಪ, ಮೋಟರುಗಳ ಉಸ್ತುವಾರಿ ಅವರದ್ದು. ಅಲ್ಲಿ ಕರೆಂಟ್ ಉಳಿಸುವ ತರಬೇತಿ ಕೊಟ್ಟ ಮೇಲೆ, ನಾನು ರೂಮಿನಲ್ಲಿರುವಾಗಲೇ ದೀಪ ಆರಿಸುವಷ್ಟು ಮುಂದುವರಿದಿದ್ದಾರೆ.

"ಎಲ್ಲಾ ಬೆಳ್ಳಗೆ, ಆಸ್ಪತ್ರೆ ಥರಾ ಮಾಡ್ಬುಟ್ರಲ್ಲ!" ಎಂದು ರೇಗಿದೆ.

"ಬಣ್ಣ ಬಟ್ಟೇಲಿ ಮಾತ್ರ ಇರಲ್ಲ ಕಣೇ, ಬೆಳಕಲ್ಲೂ ಇರುತ್ತೆ. ಹಳೇ ಬಲ್ಬಲ್ಲಿ ಕೆಂಪು ಜಾಸ್ತಿ, ಇದ್ರಲ್ಲಿ ಕಮ್ಮಿ. ಎರಡು ಬಟ್ಟೆ ಒಂದು ದೀಪದ ಕೆಳಗೆ ಒಂದೇ ಥರ ಕಂಡ್ರೂ ಇನ್ನೊಂದ್ರಲ್ಲಿ ಬೇರೆಬೇರೆ ಕಾಣ್ಬೋದು," ಎಂದರು.

"ಹಂಗಾದ್ರೆ ನಿಜವಾದ ಬಣ್ಣ ಯಾವ್ದು?"

"ನೀನು ಎಲ್ಲಿ ಉಟ್ಕೋತೀಯೋ ಅಲ್ಲೀದು," ಎಂದು ದೀಪ ಆರಿಸಿಕೊಂಡು ಹೋದರು.

ಆ ಮಾತು ತಲೆಯಲ್ಲಿ ಕೂತಿತು. ಸೀರೆ, ಬಟ್ಟೆ ಎರಡನ್ನೂ ಚೀಲಕ್ಕೆ ಹಾಕಿ ನಜರ್‌ಬಾದಿನ ಛತ್ರಕ್ಕೇ ಹೊರಟೆ. ಕಾವಲುಗಾರ ಬಹಳ ಮರ್ಯಾದೆಯಿಂದ, "ಊಟದ್ ಹಾಲ್ ನೋಡ್ತೀರಾ ಅಮ್ಮಾ? ಅಡುಗೆಮನೆ?" ಎಂದ. "ಏನೂ ಬೇಡಪ್ಪ, ಮಂಟಪದ ದೀಪ ಹಾಕು ಸಾಕು," ಎಂದು, ಖಾಲಿ ಮಂಟಪದಲ್ಲಿ ಸೆರಗು ಹೊದ್ದು ಕೂತೆ. ಹೊಂದಲಿಲ್ಲ. ಮತ್ತೆ ಅಂಗಡಿ, ಮತ್ತೆ ಛತ್ರ. ಕೊನೆಗೊಂದು ತುಂಡು ಆ ದೀಪಕ್ಕೆ ಒಪ್ಪಿತು. ಅಷ್ಟು ಹೊತ್ತಿಗೆ ಕಾವಲುಗಾರ ನನ್ನನ್ನು ಕಂಡೊಡನೆ ಕೇಳದೆಯೇ ಸ್ವಿಚ್ಚು ಹಾಕುತ್ತಿದ್ದ.

ಮದುವೆಯ ದಿನ ಮುಹೂರ್ತಕ್ಕೆ ಮೊದಲು ಸರೋಜ ಬಂದು ಪಕ್ಕದಲ್ಲಿ ಕೂತಳು. "ಅಕ್ಕಾ, ಎಷ್ಟ್ ಚೆನ್ನಾಗ್ ಮ್ಯಾಚ್ ಆಗದೆ ಕಣ್ರೀ!" ಅಂದಳು. ಗೆದ್ದೆ ಎಂದುಕೊಂಡೆ. ಅವಳು ಇನ್ನೂ ಹತ್ತಿರ ಸರಿದು ದನಿ ತಗ್ಗಿಸಿದಳು. "ಯಾರ್ಗೂ ಹೇಳ್ಬೇಡಿ. ಕಣ್ಣಿಗೆ ಪೊರೆ ಬಂದದೆ. ಎಲ್ಲಾ ಹಳ್ದಿ ಹಳ್ದಿಯಾಗಿ, ಮಬ್ಬಾಗಿ ಕಾಣುತ್ತೆ. ನನ್ ರವಿಕೆ ಸರಿಯಾಗಿದ್ಯಾ ನೋಡಿ ಹೇಳಿ, ನಿಮ್ಮನ್ನೇ ನಂಬಿದೀನಿ."

ನೋಡಿದೆ. ಹಸಿರು ಸೀರೆಗೆ ನೀಲಿ ರವಿಕೆ. ಹಳೆಯ ಲೆಕ್ಕ ತೀರಿಸುವುದಕ್ಕೆ ಇದಕ್ಕಿಂತ ಒಳ್ಳೆಯ ಅವಕಾಶ ಬೇಕೆ? ಆದರೆ ಅವಳ ಮುಖ ನೋಡಿ ಮನಸ್ಸು ಬರಲಿಲ್ಲ. "ಒಂದೇ ಥಾನಿಂದ ಕತ್ತರಿಸಿದಂಗಿದೆ ಕಣೇ ಸರೋಜ," ಎಂದೆ. ಅವಳು ನಿರಾಳವಾಗಿ ಕೈ ಒತ್ತಿದಳು.

ನಿರಾಳ ಹೋದದ್ದು ನನ್ನದು. ಬಣ್ಣವೇ ಕಾಣದವಳು ನನ್ನ ರವಿಕೆಯನ್ನು ಹೊಗಳಿದ್ದು ಹೇಗೆ? ಬೇರೆ ಯಾರನ್ನು ಕೇಳಿದರೂ ನಾನು ಈಗಷ್ಟೇ ಹೇಳಿದಂಥ ಉತ್ತರವನ್ನೇ ಹೇಳಿದರೆ? ಕೂತಲ್ಲಿ ಕೂರಲಾಗಲಿಲ್ಲ. ಒಂದೇ ನಿಮಿಷ ಎಂದುಕೊಂಡು ಛತ್ರದ ಹೊರಗೆ ರಸ್ತೆಗೆ ಬಂದು, ಬಿಸಿಲಿನಲ್ಲಿ ಸೆರಗನ್ನು ತೋಳಿಗೆ ಹಿಡಿದು ಈ ಕಡೆ ತಿರುಗಿದೆ, ಆ ಕಡೆ ತಿರುಗಿದೆ. ಒಳಗೆ ಗಟ್ಟಿಮೇಳ ಮೊಳಗಿತು.

ಮದುವೆಯ ವೀಡಿಯೊ ಚೆನ್ನಾಗಿ ಬಂದಿದೆ. ಧಾರೆಯ ಹೊತ್ತಿನಲ್ಲಿ ಗಂಡಿನ ತಾಯಿಯ ಜಾಗದಲ್ಲಿ ಸರೋಜ ನಿಂತಿದ್ದಾಳೆ, ಹಸಿರು ಸೀರೆ, ನೀಲಿ ರವಿಕೆ. ನೋಡಿದವರಾರೂ ಇದುವರೆಗೆ ರವಿಕೆಯ ಮಾತೆತ್ತಿಲ್ಲ. ಎಲ್ಲರೂ ಕೇಳುವುದು ನೀವೆಲ್ಲಿ ಹೋಗಿದ್ದಿರಿ ಎಂದೇ.