ಕೆಂಪು ಬಿಲ್ವದ ಕೆನಡಾದವಳು

ನಮ್ಮ ಮಾಳಿಗೆಯಲ್ಲಿ ಬಾಡಿಗೆಗಿದ್ದ ಲಾರಾ ಅಮೆರಿಕದವಳೆಂದು ಜಹೀರಾಬಾದಿನ ತುಂಬ ಡಂಗುರ ಹೊಡೆದವನು ನಾನೇ. ಆಕೆ ಕೆನಡಾದವಳು, ಪಸ್ತಾಪುರದ ಹೆಣ್ಣುಮಕ್ಕಳ ಸಂಘದಲ್ಲಿ ಸಜ್ಜೆ, ನವಣೆ ಬೆಳೆಯುವುದನ್ನು ಕಲಿಯಲು ಬಂದವಳು. ನಾನು ಅಮೆರಿಕ ಎಂದಾಗಲೆಲ್ಲ ಮುಖ ಸಣ್ಣದು ಮಾಡಿಕೊಂಡು, "ನಾವ್ ಬ್ಯಾರೆ ರೀ" ಅನ್ನುತ್ತಿದ್ದಳು. (ಸಂಘದ ಸಾಬಮ್ಮ ಕಲಿಸಿದ ಕನ್ನಡ.) "ಭಾಷಾ ಒಂದೇ, ಟೀವಿ ಒಂದೇ, ಮತ್ತೇನ್ ಬ್ಯಾರೆ?" ಎಂದು ನಾನು ನಗುತ್ತಿದ್ದೆ. ಕೆನಡಾ ಅಂದರೆ ನಮ್ಮ ಓಣಿಯಲ್ಲಿ ಯಾರು ಬೆರಗಾಗುತ್ತಾರೆ, ಹೇಳಿ!

ಆಂಧ್ರದಿಂದ ಬೇರೆ ತೆಲಂಗಾಣ ರಾಜ್ಯ ಬೇಕೆಂದು ಎಲ್ಲರೂ ಕೆಲಸ ಬಿಟ್ಟು ಕೂತಿದ್ದ ದಿನಗಳವು. ಮುಂಬೈ ಹೆದ್ದಾರಿಯಲ್ಲಿ ಬಸ್ಸಿಲ್ಲ, ಹಾರ್ನಿಲ್ಲ. ನಟ್ಟನಡುವೆ ಒಂದು ನಾಯಿ ಕೂತು ನಮ್ಮ ಮನೆಯನ್ನೇ ನೋಡುತ್ತಿತ್ತು. ಕರೆಂಟು ತನಗೆ ಬೇಕಾದಾಗ ಹೋಗುತ್ತಿತ್ತು. ಬೇಕಾದಾಗ ಏನು, ನಾನು ಅಮೆರಿಕ ಎಂದ ಗಳಿಗೆಗೇ ಹೋಗುತ್ತಿತ್ತು! ಮೂರು ಸಲ ಹಾಗಾಯಿತು. ಆದರೂ ಉಪವಾಸದ ಡೇರೆಯ ಮುಖಂಡ ಶಂಕ್ರೆಪ್ಪನಿಗೆ, ಬುಧವಾರ ಅಮೆರಿಕದ ಬೆಂಬಲವನ್ನೇ ತಂದು ಕೂರಿಸುತ್ತೇನೆಂದು ಮಾತು ಕೊಟ್ಟುಬಿಟ್ಟಿದ್ದೆ. ತಪ್ಪಿದರೆ ಊರಲ್ಲಿ ತಲೆ ಎತ್ತುವಂತಿರಲಿಲ್ಲ.

ಬುಧವಾರ ಬೆಳಗ್ಗೆ ನನ್ನ ಹೆಂಡತಿ ಶಿವಕಾಂತಾ ಲಾರಾಳ ಚೀಲ ಹಿಡಿದು ಓಡಿ ಬಂದಳು. ಚೀಲದ ಮೇಲೆ ಬಟ್ಟೆಯ ಒಂದು ಕೆಂಪು ಎಲೆ ಹೊಲಿದಿದ್ದರು.

"ಮೂರು ದಳ ನೋಡ್ರಿ, ಬಿಲ್ವಪತ್ರಿ! ಮೆಟ್ಟಿಲ ಮ್ಯಾಲ ಬಿದ್ದಿತ್ತು. ಬಿಲ್ವ ಕೆಂಪಾಗ್ಯದ ಅಂದ್ರ ಶಿವ ಸಿಟ್ಟಾಗ್ಯಾನ. ನಿಮ್ಮ ಸುಳ್ಳಿಗೇ!"

"ಹುಚ್ಚಿ, ಅದು ಅಮೆರಿಕದ ಫ್ಯಾಷನ್ನು..."

ಫ್ಯಾನು ನಿಂತಿತು. ಚೀಲ ಸೀದಾ ದೇವರ ಕೋಣೆ ಸೇರಿತು.

ಮಧ್ಯಾಹ್ನ ಶಿವಕಾಂತಾ ಪಕ್ಕದ ಮನೆಗೆ ಹೋಗಿದ್ದಳು. ನಾನೊಬ್ಬನೇ. ಕತ್ತಲು ಕವಿದ ದೇವರ ಕೋಣೆಯೊಳಗೆ ಗಂಟೆ ತಾನಾಗಿಯೇ ಮೊಳಗಿತು. ಆಮೇಲೆ ಮೆಲ್ಲನೆ, ನೊಂದ ದನಿಯೊಂದು: "ಸಾರಿ... ಸಾರಿ..."

ಮೈಯೆಲ್ಲ ಬೆವರಿತು. (ನಮ್ಮ ಮನೆದೇವರಿಗೆ ಇಂಗ್ಲಿಷ್ ಯಾವಾಗ ಬಂತು?) ಹೊಸ್ತಿಲ ಮೇಲೆ ದೊಪ್ಪೆಂದು ಅಡ್ಡಬಿದ್ದೆ.

"ತಪ್ಪಾತು ನಮ್ಮಪ್ಪಾ! ಆಕಿ ಅಮೆರಿಕದಾಕಿ ಅಲ್ಲ! ಮೊನ್ನಿ ಉಪಾಸಕ್ಕ ಕೂತಾಗ ಡೇರೆ ಹಿಂದ ಹೋಗಿ ಆರು ಮಿರ್ಚಿ ಭಜಿ ತಿಂದೀನಿ! ನನ್ನ ಕಣ್ಣು ಕಳೀಬ್ಯಾಡ!"

ಬೆನ್ನ ಹಿಂದೆ ಯಾರೋ ಕೆಮ್ಮಿದರು. ಹಾರ ಹಿಡಿದ ಶಂಕ್ರೆಪ್ಪ, ಡೇರೆಯ ಹತ್ತು ಜನ, ಅವರ ನಡುವೆ ಶಿವಕಾಂತಾ. ಎಲ್ಲ ಕೇಳಿಸಿಕೊಂಡಿದ್ದರು.

ಒಳಗಿನಿಂದ ಲಾರಾ ಹಣೆ ಉಜ್ಜುತ್ತ ಬಂದಳು. ತನ್ನ ದೇಶದ ಬಾವುಟದ ಎಲೆಯಿದ್ದ ಆ ಚೀಲ ಹುಡುಕುತ್ತ ಹೋಗಿ ಗಂಟೆಗೆ ತಲೆ ಹೊಡೆಸಿಕೊಂಡು, ಆ ಗಂಟೆಯ ಹತ್ತಿರವೇ ಕ್ಷಮೆ ಕೇಳಿದ್ದಳಂತೆ.

"ನಮ್ಮ ಕಡೆ ಗ್ವಾಡಿಗಿ ತಾಗಿದ್ರೂ ಗ್ವಾಡಿಗೇ ಸಾರಿ ಅಂತೀವ್ರಿ," ಎಂದು ಗೋಡೆ ತೋರಿಸಿದಳು.

"ಅಮೆರಿಕದವ್ರು ನಿಮ್ಮನ್ನ ನಮ್ಮವ್ರೇ ಅಂತಾರೇನವ್ವಾ?" ಶಂಕ್ರೆಪ್ಪ ಕೇಳಿದ.

"ಹೌದ್ರಿ. ಅವ್ರು ಜೋರಾಗಿ ಹೇಳ್ತಾರ. ನಾವು ಮೆಲ್ಲಕ ಅಲ್ಲ ಅಂತೀವಿ. ಯಾರಿಗೂ ಕೇಳಸಂಗಿಲ್ಲ."

ಶಂಕ್ರೆಪ್ಪನ ಕಣ್ಣು ತುಂಬಿದವು. "ನಮ್ದೂ ಇದೇ ಕಥಿ ತಂಗಿ, ಆಂಧ್ರದವ್ರೂ ನಮ್ಮನ್ನ ಹಿಂಗೇ ನಮ್ಮವ್ರೇ ಅಂತಾರ," ಎಂದು ಹಾರ ಹಾಕಿ, ಆಕೆಯನ್ನು ಕೆನಡಾದವಳೆಂದೇ ಕೂಗಿ ಹೇಳುತ್ತ ಡೇರೆಗೆ ಕರೆದೊಯ್ದ.

ನನ್ನನ್ನೂ ಬಿಡಲಿಲ್ಲ. ಮೊನ್ನೆಯ ಉಪವಾಸ ಲೆಕ್ಕಕ್ಕಿಲ್ಲವೆಂದು ಮತ್ತೆ ಕೂರಿಸಿದರು. "ಇವ್ರ ಮ್ಯಾಲ ಯಾರರ ಕಣ್ಣಿಡಬೇಕಲ್ಲ?" ಎಂದು ಶಂಕ್ರೆಪ್ಪ ಕೇಳುವುದರೊಳಗೆ ಶಿವಕಾಂತಾ ಮಣೆ ತಂದು ನನ್ನೆದುರು ಹಾಕಿಕೊಂಡಳು. ಸಂಜೆಯವರೆಗೂ ಅವಳು ಒಮ್ಮೆಯೂ ಕಣ್ಣು ಮಿಟುಕಿಸಲಿಲ್ಲ.